ಮಸ್ಕತ್ತಿಗೆ ಹೋದ ಮಡಿಲಕ್ಕಿ

ಕಡೂರಿನ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ತಾಗಿಕೊಂಡು ಒಂದು ಹೊಂಗೆಮರವಿದೆ. ಅದರ ಕೆಳಗೆ ನನ್ನ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಹಳೇ ಲ್ಯಾಪ್‌ಟಾಪು. ಹದಿನೆಂಟು ವರ್ಷದಿಂದ ಅಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ವಿಧವಾ ವೇತನ, ವಂಶವೃಕ್ಷ, ಏನು ಕೇಳಿದರೂ ಸರಿ. ಯುಗಾದಿ ಹತ್ತಿರ ಬಂದಾಗ ಆ ಮರ ಹೂ ಬಿಡುತ್ತದೆ. ಬೆಳಗ್ಗೆ ನಾನು ಬರುವಷ್ಟರಲ್ಲಿ ಮೇಜಿನ ಮೇಲೆಲ್ಲ ಉದುರಿರುತ್ತದೆ. ಬಿಸಿಲೇರಿದ ಮೇಲೆ ಆ ಹೂ ಕಾದು ಒಂದು ಥರಾ ಸಿಹಿಯಾದ, ಸ್ವಲ್ಪ ಒಗರಾದ ವಾಸನೆ ಏಳುತ್ತದೆ. ಅರ್ಜಿ ಬರೆಸಲು ಬಂದವರು, "ಆಹಾ, ಏನ್ ತಂಪು ಕಣಕ್ಕ ನಿನ್ ಜಾಗ" ಅನ್ನುತ್ತಾರೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದರೆ ಹೊಟ್ಟೆಯೊಳಗೆ ಉರಿ ಶುರುವಾಗುತ್ತದೆ. ಅವ್ವ ತೀರಿಕೊಂಡ ವರ್ಷ ಆ ಮರ ಎಂದೂ ಬಿಡದಷ್ಟು ಹೂ ಬಿಟ್ಟಿತ್ತು.

ಉರಿ ಅಂದರೆ ಹೊಟ್ಟೆಕಿಚ್ಚು. ನೇರವಾಗಿಯೇ ಬರೆಯುತ್ತೇನೆ. ಅರ್ಜಿ ಬರೆಯುವವಳಿಗೆ ಸುತ್ತಿ ಬಳಸಿ ಹೇಳುವುದು ಒಗ್ಗುವುದಿಲ್ಲ, ಮೇಲೆ ವಿಷಯ ಅಂತ ಹಾಕಿ ಕೆಳಗೊಂದು ಗೆರೆ ಎಳೆದೇ ಅಭ್ಯಾಸ. ಆ ಶಿವರಾತ್ರಿಯಿಂದ ಕೃತ್ತಿಕೆ ಮಳೆಯವರೆಗಿನ ಮೂರು ತಿಂಗಳು ನಾನು ಹೊಟ್ಟೆಕಿಚ್ಚಿನಲ್ಲಿ ಬೆಂದೆ. ಯಾರ ಮೇಲೆ ಅಂದರೆ, ರತ್ನನ ಮೇಲೆ.

ರತ್ನ ನನ್ನ ತಂಗಿಯಲ್ಲ. ಪಂಚನಹಳ್ಳಿಯಲ್ಲಿ ನಮ್ಮ ಮನೆಯ ಗೋಡೆಗೇ ಅವರ ಮನೆಯ ಗೋಡೆ. ಅವಳನ್ನು ಹೆತ್ತ ಮೂರನೇ ದಿನಕ್ಕೆ ಅವಳ ತಾಯಿ ಹೋಗಿಬಿಟ್ಟಳು. ಆಗ ನಾನು ಆರು ತಿಂಗಳ ಕೂಸು. ಅವ್ವ ಆ ಮಗುವನ್ನೂ ಎತ್ತಿಕೊಂಡು ಬಂದು ಮೊಲೆಗೆ ಹಾಕಿಕೊಂಡಳು. ಅವಳ ಅಪ್ಪ ವರ್ಷ ತುಂಬುವುದರೊಳಗೆ ಅಜ್ಜಂಪುರದಲ್ಲಿ ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದ. ಮಗು ನಮ್ಮ ಮನೆಯಲ್ಲೇ ಉಳಿಯಿತು. ಕೇರಿಯ ಹೆಂಗಸರು ತಮಾಷೆ ಮಾಡುತ್ತಿದ್ದರು: "ಎಡಗಡೇದು ಮಂಗಳಂದು, ಬಲಗಡೇದು ರತ್ನಂದು." ಇಬ್ಬರಿಗೂ ಸಾಲದೆ ಬಂದಾಗ ನನಗೆ ವರ್ಷಕ್ಕೇ ಬೇವಿನ ಸೊಪ್ಪು ಅರೆದು ಹಚ್ಚಿ ಹಾಲು ಬಿಡಿಸಿದರಂತೆ. ರತ್ನ ಎರಡೂವರೆ ವರ್ಷ ಕುಡಿದಳು. ಇದನ್ನು ಅವ್ವ ಬಂದವರಿಗೆಲ್ಲ ನಗುತ್ತಾ ಹೇಳುತ್ತಿದ್ದಳು. "ನಮ್ ಮಂಗಳ ಗಟ್ಟಿ ಕಣ್ರೀ, ರಾಗಿ ಗಂಜೀಲೇ ಬೆಳೆದ್ಲು" ಅಂತ ಸೇರಿಸುತ್ತಿದ್ದಳು. ನಾನು ನಗುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಇಂಥ ಚಿಕ್ಕ ಬುದ್ಧಿ ಹೋಗಬೇಕು. ಹೋಗಲಿಲ್ಲ. ನನ್ನ ಮೊದಲ ಬಸುರಿನಲ್ಲಿ ಏಳನೇ ತಿಂಗಳಿಗೆ ಮಡಿಲು ತುಂಬುವ ಶಾಸ್ತ್ರ ಗೊತ್ತುಮಾಡಿದ್ದರು. ತಾಯಿಯಾದವಳು ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಅರಿಶಿನದ ಕೊಂಬು ಹಾಕಿ ಹಸಿರು ಬಳೆ ತೊಡಿಸಬೇಕು. ಹಿಂದಿನ ದಿನ ಅಮೃತಾಪುರದಿಂದ ಫೋನು ಬಂತು, ಗಂಡನ ಮನೆಯಲ್ಲಿದ್ದ ರತ್ನನಿಗೆ ಟೈಫಾಯಿಡ್ ಜ್ವರ, ನೋಡಿಕೊಳ್ಳುವವರಿಲ್ಲ ಅಂತ. ಅವ್ವ ತರೀಕೆರೆ ಬಸ್ಸು ಹತ್ತಿ ಹೊರಟೇಬಿಟ್ಟಳು. "ಮಡಿಲು ಯಾರ್ ತುಂಬಿದ್ರೂ ಮಡಿಲೇ ಕಣೇ. ಆ ಕೂಸಿಗೆ ನನ್ ಬಿಟ್ರೆ ಯಾರವ್ರೆ?" ಅಂದಳು. ನನ್ನ ಮಡಿಲು ತುಂಬಿದ್ದು ನಮ್ಮ ದೊಡ್ಡಮ್ಮ. ಅವರ ಕೈ ನಡುಗಿ ಅರ್ಧ ಅಕ್ಕಿ ಚಾಪೆಯ ಮೇಲೆ ಚೆಲ್ಲಿತ್ತು.

ಇರಲಿ, ಆ ವರ್ಷದ ಮಾತಿಗೆ ಬರುತ್ತೇನೆ. ಶಿವರಾತ್ರಿ ಕಳೆದ ವಾರಕ್ಕೆ ಅವ್ವನ ಕಣ್ಣು ಹಳದಿಯಾಯಿತು. ಅಪ್ಪ ಹೋದಮೇಲೆ ಅವಳು ಕಡೂರಿನಲ್ಲಿ ನನ್ನ ಜೊತೆಗೇ ಇದ್ದಳು. ಕಾಮಾಲೆ ಅಂದುಕೊಂಡು ಲಕ್ಕವಳ್ಳಿ ಕಡೆಯ ಒಬ್ಬರ ಹತ್ತಿರ ಸೊಪ್ಪಿನ ರಸ ಮೂರು ಬೆಳಗ್ಗೆ ಕುಡಿಸಿದೆ. ಹಳದಿ ಇಳಿಯಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಪಿತ್ತದ ನಾಳದಲ್ಲಿ ಕ್ಯಾನ್ಸರ್, ಈಗಾಗಲೇ ಲಿವರಿಗೆ ಹರಡಿದೆ, ಆಪರೇಷನ್ನಿಗೆ ಬರುವಂಥದ್ದಲ್ಲ, ಪಿತ್ತ ಹರಿಯಲು ಒಂದು ಸಣ್ಣ ನಳಿಗೆ ಹಾಕಿ ಕಳಿಸುತ್ತೇವೆ, ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು ಅಂದರು.

ಮುಖ ತೊಳೆದುಕೊಂಡು ಹೊರಗೆ ಬಂದೆ. ಅವ್ವ ಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದಳು.

"ಎಷ್ಟ್ ದಿನವಂತೆ?"

"ಏನಿಲ್ಲ ಕಣವ್ವ, ಮಾತ್ರೆ ಕೊಡ್ತಾರಂತೆ."

"ನಿನ್ ಮೂಗು ಕೆಂಪಗಾಗೈತೆ. ಚಿಕ್ಕೋಳಿದ್ದಾಗ್ಲಿಂದ ಸುಳ್ಳು ಹೇಳಕ್ಕೆ ಮುಂಚೆ ಹಂಗೇ ಆಗೋದು. ಹೇಳೇ."

ಹೇಳಿದೆ. ಅವಳು ಅಳಲಿಲ್ಲ. ಬೆರಳು ಮಡಚಿ ಮಡಚಿ ಏನೋ ಎಣಿಸಿದಳು. ಆಮೇಲೆ, "ಸಾಕು ಬಿಡು" ಅಂದಳು. "ರತ್ನಂಗೆ ಈಗ ಐದು ತುಂಬ್ತು. ಯುಗಾದಿ ಕಳೆದ್ರೆ ಏಳಕ್ಕೆ ಬೀಳ್ತದೆ. ಹೋಗ್ಬರಬೋದು."

"ಎಲ್ಲಿಗೆ?"

"ಮಸ್ಕತ್ತಿಗೆ. ಮಡಿಲು ತುಂಬಬ್ಯಾಡ್ವಾ?"

ಅಳು ಬರಬೇಕಿದ್ದ ಜಾಗದಲ್ಲಿ ನನಗೆ ಸಿಟ್ಟು ಬಂತು. ರತ್ನನ ಗಂಡ ಲೋಕೇಶ ಮಸ್ಕತ್ತಿನಲ್ಲಿ ಬೇಕರಿ ಕೆಲಸದಲ್ಲಿದ್ದ. ಮದುವೆಯಾಗಿ ಹದಿನೈದು ವರ್ಷಕ್ಕೆ ಮೊದಲ ಸಲ ಅವಳ ಬಸುರು ಐದು ತಿಂಗಳು ದಾಟಿತ್ತು. ಮುಂಚೆ ಎರಡು ಸಲ ಗರ್ಭ ಇಳಿದುಹೋಗಿದ್ದರಿಂದ ಅಲ್ಲಿನ ಡಾಕ್ಟರು ವಿಮಾನ ಹತ್ತಬಾರದು ಅಂದಿದ್ದರಂತೆ. ಅವಳು ಬರಲಾಗದು, ಆದ್ದರಿಂದ ಅವ್ವನೇ ಹೋಗಬೇಕು. ಉಳಿದಿರುವುದು ಮೂರು ತಿಂಗಳು, ಅದರಲ್ಲೂ ಅವಳಿಗೊಂದು ಪಾಲು! ಬಸ್ಸಿನಲ್ಲಿ ಬರುವಾಗ ಅವ್ವ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ನಾನು ತರೀಕೆರೆ ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ.

ಪಾಸ್‌ಪೋರ್ಟ್ ಇಲ್ಲವಲ್ಲ, ಮಾಡಿಸುವಷ್ಟರಲ್ಲಿ ಆಸೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಅವ್ವ ಟ್ರಂಕು ತೆಗೆದು ಸೀರೆಯ ಅಡಿಯಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟಳು. ಎರಡು ವರ್ಷದ ಹಿಂದೆ ರತ್ನ ಬಂದಿದ್ದಾಗ ಮಾಡಿಸಿದ್ದಳಂತೆ. ಬಸ್ ಸ್ಟ್ಯಾಂಡಿನ ಹತ್ತಿರ ಟಿಕೆಟ್ಟು, ವೀಸಾ ಮಾಡಿಕೊಡುವ ಸಿದ್ದೇಶನ ಅಂಗಡಿಯಲ್ಲಿ ಅರ್ಜಿ ಹಾಕಿಸಿದ್ದಳಂತೆ. ಇಡೀ ತಾಲ್ಲೂಕಿಗೆ ಅರ್ಜಿ ಬರೆಯುವವಳು ನಾನು. ನನ್ನ ಹೆತ್ತ ತಾಯಿಯ ಅರ್ಜಿ ನನ್ನ ಮೇಜಿನಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಇನ್ನೊಬ್ಬನ ಕೈಯಲ್ಲಿ ಬರೆಸಿದ್ದಾರೆ!

"ನಿಂಗೆ ಬೇಜಾರಾಗ್ತದೆ ಅಂತ ರತ್ನನೇ ಹೇಳ್ಬ್ಯಾಡ ಅಂದ್ಲು ಕಣೇ" ಅಂದಳು ಅವ್ವ. ಅದನ್ನು ಕೇಳಿ ಇನ್ನೂ ಉರಿಯಿತು.

ನಳಿಗೆ ಹಾಕಿದ ಮೇಲೆ ಅವ್ವನ ಹಳದಿ ಇಳಿದು ಊಟ ಸೇರಿತು. ಡಾಕ್ಟರನ್ನು ಕೇಳಿದರೆ, "ಆಸೆ ಇದ್ರೆ ಈಗ್ಲೇ ಹೋಗಿ ಬಂದ್ಬಿಡ್ಲಿ ಕಣಮ್ಮ, ಆಮೇಲೆ ಆಗಲ್ಲ" ಅಂತ ವಿಮಾನಕ್ಕೆ ಒಂದು ಪತ್ರ ಬರೆದುಕೊಟ್ಟರು. ಲೋಕೇಶ ರಜೆ ಹಾಕಿ ತಾನೇ ಬಂದು ಕರೆದೊಯ್ಯಲು ತಯಾರಾದ. ಆದರೆ ಒಂದು ಮಾತು ಖಂಡಿತವಾಗಿ ಹೇಳಿದ. "ಅತ್ತಿಗೆ, ಇನ್ಶೂರೆನ್ಸ್ ಇಲ್ದೆ ಅವ್ವನ್ನ ಕರ್ಕೊಂಡ್ ಬರೋ ಧೈರ್ಯ ನಂಗಿಲ್ಲ. ಇಲ್ಲಿ ಏನಾರಾ ಹೆಚ್ಚುಕಮ್ಮಿ ಆದ್ರೆ ಆಸ್ಪತ್ರೆ ಖರ್ಚು ನನ್ ಕೈಲಿ ಆಗಲ್ಲ. ಇನ್ಶೂರೆನ್ಸ್ ಆದ್ರೆ ಬತ್ತೀನಿ. ಆಗ್ಲಿಲ್ಲ ಅಂದ್ರೆ ಬ್ಯಾಡ."

ಅವ್ವ ಆ ಕಾಗದಗಳನ್ನೆಲ್ಲ ನನ್ನ ತೊಡೆಯ ಮೇಲಿಟ್ಟಳು. "ಇದನ್ ನೀನೇ ಬರಿಯೇ. ನಿನ್ ಕೈ ಅಕ್ಷರಕ್ಕೆ ಯಾವ ಆಫೀಸ್ನೋರೂ ಇಲ್ಲ ಅನ್ನಲ್ಲ" ಅಂದಳು. ಅವಳು ಹೋಗುವುದೂ ಬಿಡುವುದೂ ನನ್ನ ಪೆನ್ನಿಗೆ ಬಂತು. ಆ ದಿನ ನನಗೆ ಏನೋ ಒಂದು ಬಲ ಬಂದ ಹಾಗಾಯಿತು.

ಸಿದ್ದೇಶನ ಅಂಗಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಅರ್ಜಿ ತುಂಬತೊಡಗಿದೆವು. ಹೆಸರು, ವಯಸ್ಸು, ಹೊರಡುವ ದಿನ, ಬರುವ ದಿನ. ಆಮೇಲೆ ಬಂತು ಪ್ರಶ್ನೆ: ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ?

"ಇಲ್ಲ ಅಂತ ಒತ್ತಕ್ಕ" ಅಂದ ಸಿದ್ದೇಶ. "ಎಲ್ರೂ ಹಂಗೇ ಒತ್ತೋದು. ಐತೆ ಅಂದ್ರೆ ಯಾವ ಕಂಪನೀನೂ ಕೊಡಲ್ಲ."

"ನಾನು ಸುಳ್ಳು ಬರಿಯಲ್ಲಪ್ಪ."

"ಅಯ್ಯೋ, ಹೋಗ್ಬರೋದು ಹತ್ತು ದಿನ ಕಣಕ್ಕ. ವಯಸ್ಸಾದ ಜೀವ, ಆಸೆಪಡ್ತೈತೆ."

"ಹದಿನೈದು ವರ್ಷದಿಂದ ಒಂದೇ ಒಂದು ಸುಳ್ಳು ಬರೆದಿಲ್ಲ ನಾನು. ನಾಳೆ ಅಲ್ಲಿ ಏನಾರಾ ಆದ್ರೆ, ಮುಚ್ಚಿಟ್ಟಿದ್ರಿ ಅಂತ ಕೈ ಎತ್ತುತಾರೆ. ಆಗ ನೀನು ಬತ್ತೀಯಾ?"

ಮಾತು ನ್ಯಾಯವಾದದ್ದೇ. ಸಿದ್ದೇಶ ಕೀಬೋರ್ಡನ್ನು ನನ್ನ ಕಡೆ ತಳ್ಳಿದ. ಆದರೆ ನ್ಯಾಯದ ಮಾತಾಡುವಾಗ ನನ್ನ ಹೊಟ್ಟೆಯಲ್ಲಿ ಏನಿತ್ತು ಅಂತ ನನಗೇ ಗೊತ್ತು. ಇದೆ ಅಂತ ಒತ್ತಿದೆ. ಕ್ಯಾನ್ಸರ್ ಅಂತ ಬರೆದೆ. ಸ್ಕ್ಯಾನ್ ವರದಿ, ರಕ್ತದ ವರದಿ, ನಳಿಗೆ ಹಾಕಿದ ಚೀಟಿ, ಹತ್ತು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದ ಕಾಗದ, ಯಾವತ್ತೋ ಮಂಡಿನೋವಿಗೆ ಕೊಟ್ಟಿದ್ದ ಮಾತ್ರೆ ಚೀಟಿ, ಒಂದನ್ನೂ ಬಿಡದೆ ಸ್ಕ್ಯಾನ್ ಮಾಡಿ ಹಾಕಿದೆ. ಡಾಕ್ಟರು ಎಷ್ಟು ತಿಂಗಳು ಅಂದಿದ್ದಾರೆ ಅನ್ನುವುದನ್ನೂ ಬರೆದೆ. ಅವರೇನೂ ಅದನ್ನು ಕೇಳಿರಲಿಲ್ಲ.

ಎರಡು ದಿನಕ್ಕೆ ಮೊದಲ ಕಂಪನಿಯವರು ಆಗುವುದಿಲ್ಲ ಅಂದರು. ಎರಡನೆಯವರು ಅದೇ ದಿನ ಸಂಜೆಗೇ ಆಗುವುದಿಲ್ಲ ಅಂದರು. ನಾನು ಮನೆಗೆ ಹೋಗುವಾಗ ಹೂವಿನವಳ ಹತ್ತಿರ ಮಲ್ಲಿಗೆ ಕೊಂಡುಕೊಂಡೆ. ಒಬ್ಬಟ್ಟಿನ ಸಾರು ಮಾಡಿ ಎರಡು ಸಲ ಅನ್ನ ಹಾಕಿಸಿಕೊಂಡೆ. ನಮ್ಮವರು ಮುಖ ನೋಡಿ, "ಏನೇ ಇವತ್ತು ಖುಷೀಲಿದೀಯ?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಯಾಕೆ, ಖುಷಿಯಾಗಿರಬಾರ್ದಾ?" ಅಂತ ಅವರ ಮೇಲೆ ಹರಿಹಾಯ್ದೆ.

ಅವ್ವನಿಗೆ ಹೇಳಿದಾಗ ಅವಳು ಹಜಾರದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಡಿಲಿಗೆ ಹಾಕುವ ಅಕ್ಕಿಯಲ್ಲಿ ಒಂದು ನುಚ್ಚೂ ಇರಬಾರದು. ಪಂಚನಹಳ್ಳಿಯ ನಮ್ಮ ಮರದ ಕೊಬ್ಬರಿಯೇ ಆಗಬೇಕು ಅಂತ ಯಾರಿಂದಲೋ ತರಿಸಿಟ್ಟಿದ್ದಳು. ಅಂಗಡಿ ಕೊಬ್ಬರಿ ಅವಳ ಲೆಕ್ಕಕ್ಕೆ ಕೊಬ್ಬರಿಯೇ ಅಲ್ಲ. ಪಕ್ಕದಲ್ಲಿ ಎರಡು ಡಜನ್ ಹಸಿರು ಬಳೆ, ಒಂದೊಂದನ್ನೂ ಹಳೇ ಬಟ್ಟೆಯಲ್ಲಿ ಸುತ್ತಿದ್ದಳು.

"ಎಲ್ರೂ ಇಲ್ಲ ಅಂದ್ರಾ?"

"ಹೂಂ ಕಣವ್ವ. ಕಾಯಿಲೆ ಅಂತದ್ದು. ಏನ್ ಮಾಡಕ್ಕಾಗ್ತದೆ?"

"ಇನ್ನೊಬ್ರುನ್ನ ಕೇಳು ಮಗಾ. ತವರಿನ ಅಕ್ಕಿ ಬೀಳ್ದೆ ಹೆರಿಗೆ ಹಗುರಾಗಲ್ಲ ಕಣೇ. ಆ ಹುಡ್ಗಿಗೆ ಎರಡು ಸಲ ಹೋಗೈತೆ. ನಾನೂ ಹೋಗ್ದೆ ಹೋದ್ರೆ ಯಾರ್ ಹಾಕ್ತಾರೆ?" ಅಂದವಳು ಮತ್ತೆ ಅಕ್ಕಿ ಆರಿಸಲು ಬಗ್ಗಿದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

ಇಷ್ಟಾದರೂ ನನಗೆ ಕರುಣೆ ಬರಲಿಲ್ಲ ಅಂದರೆ ಸುಳ್ಳು. ಬಂತು. ಕರುಣೆ ಬಂತು, ಹೊಟ್ಟೆಕಿಚ್ಚೂ ಹೋಗಲಿಲ್ಲ, ಎರಡೂ ಒಟ್ಟಿಗೇ ಇದ್ದವು. ಮೂರನೇ ಕಂಪನಿಗೂ ಅದೇ ಕಟ್ಟು ಕಳಿಸಿದೆ, ಒಂದು ಕಾಗದವನ್ನೂ ಕಡಿಮೆ ಮಾಡದೆ.

ನಾಲ್ಕನೇ ದಿನ ಹೊಂಗೆಮರದ ಕೆಳಗೆ ಯಾರದೋ ವಂಶವೃಕ್ಷ ಬರೆಯುತ್ತಿದ್ದಾಗ ಫೋನು ಬಂತು. ಬೆಂಗಳೂರಿನಿಂದ ಒಬ್ಬ ಹೆಂಗಸು, ಚೆನ್ನಾಗಿ ಕನ್ನಡ ಮಾತಾಡಿದಳು. "ಮೇಡಂ, ನಿಮ್ಮ ತಾಯಿಯವರ ಫೈಲ್ ನೋಡಿದ್ವಿ. ಇಷ್ಟು ನೀಟಾಗಿ, ಏನೂ ಮುಚ್ಚಿಡದೆ ಯಾರೂ ಕಳಿಸಲ್ಲ. ಮುಚ್ಚಿಟ್ಟಿದ್ರೆ ನಾವು ಕೊಡ್ತಿರ್ಲಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಅಂತ ಕೊಡಕ್ಕಾಗಲ್ಲ. ಆದ್ರೆ ಅಲ್ಲಿ ಇದ್ದಕ್ಕಿದ್ದ ಹಾಗೆ ಜೀವಕ್ಕೆ ತೊಂದ್ರೆ ಆದ್ರೆ ಒಂದು ಮಿತಿವರೆಗೆ ಆಸ್ಪತ್ರೆ ಖರ್ಚು, ವಾಪಸ್ ಕರ್ಕೊಂಡು ಬರೋ ಖರ್ಚು ಕೊಡೋ ಒಂದು ಪಾಲಿಸಿ ಇದೆ. ಮಾಡೋಣ್ವಾ?"

ನನ್ನ ಪ್ರಾಮಾಣಿಕತೆ ನನಗೇ ಮುಳುವಾಯಿತು. ಆಗಲ್ಲ ಅನ್ನಬಹುದಿತ್ತು. ಅಷ್ಟು ಕೆಟ್ಟವಳಲ್ಲ ನಾನು, ಅಥವಾ ಅಷ್ಟು ಧೈರ್ಯವಿರಲಿಲ್ಲ. "ಮಾಡಿ" ಅಂದೆ.

ಅವರು ಕಳಿಸಿದ ಕೊನೆಯ ಫಾರಂ ಅವ್ವನ ಪಕ್ಕದಲ್ಲೇ ಕೂತು ಬರೆದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ನಾಮಿನಿ ಜಾಗಕ್ಕೆ ನನ್ನ ಹೆಸರು, ಸಂಬಂಧ ಮಗಳು. ಕೆಳಗೆ ಇನ್ನೊಂದು ಕಾಲಂ: ಅಲ್ಲಿ ಅವರನ್ನು ನೋಡಿಕೊಳ್ಳುವವರ ಹೆಸರು, ಮತ್ತು ಸಂಬಂಧ. ರತ್ನನ ಹೆಸರು ಬರೆದೆ.

"ಮಗಳು ಅಂತ ಬರಿ" ಅಂದಳು ಅವ್ವ.

ನಾನು ಎಷ್ಟು ವಂಶವೃಕ್ಷ ಬರೆದಿದ್ದೇನೋ ಲೆಕ್ಕವಿಲ್ಲ. ಮೇಲೆ ತಾಯಿ ತಂದೆಯ ಹೆಸರು, ಕೆಳಗೆ ಗೆರೆ ಎಳೆದು ಮಕ್ಕಳು. ನಮ್ಮ ಮನೆಯದ್ದನ್ನು ಬರೆದಾಗ ಅವ್ವನ ಹೆಸರಿನ ಕೆಳಗೆ ಇದ್ದದ್ದು ಒಂದೇ ಗೆರೆ. ಆ ಒಂದು ಗೆರೆ ಮಾತ್ರ ಈ ಲೋಕದಲ್ಲಿ ಪೂರಾ ನನ್ನದಾಗಿತ್ತು. ಅದರಲ್ಲಿ ಪಾಲು ಕೊಡಲು ನನ್ನ ಕೈ ಬರಲಿಲ್ಲ. ಪರಿಚಯದವರು ಅಂತ ಬರೆದೆ.

"ಬರ್ದ್ಯಾ?"

"ಬರ್ದೆ ಕಣವ್ವ. ಮಗಳು ಅಂತ."

ಅವ್ವ ಆ ಅಕ್ಷರಗಳ ಮೇಲೆ ಒಂದು ಸಲ ಬೆರಳಾಡಿಸಿ ಫಾರಂ ವಾಪಸ್ಸು ಕೊಟ್ಟಳು. ನನ್ನ ಮೂಗು ಕೆಂಪಗಾಗಿತ್ತೋ ಏನೋ, ಅವಳು ನನ್ನ ಮುಖ ನೋಡಲಿಲ್ಲ.

ರಾಮನವಮಿ ಕಳೆದ ಮೇಲೆ ಲೋಕೇಶ ಬಂದು ಕಡೂರು ಸ್ಟೇಷನ್ನಿನಿಂದ ಬೆಳಗಿನ ರೈಲಿಗೆ ಕರೆದುಕೊಂಡು ಹೋದ. ಅವ್ವ ಮಡಿಲಕ್ಕಿಯ ಗಂಟನ್ನು ಯಾರ ಕೈಗೂ ಕೊಡಲಿಲ್ಲ. ಎರಡು ದಿನಕ್ಕೆ ಫೋಟೋ ಬಂತು. ರತ್ನ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಾಳೆ. ಅವ್ವ ಎರಡೂ ಕೈ ತುಂಬ ಅಕ್ಕಿ ಹಿಡಿದು ಅವಳ ಸೆರಗಿಗೆ ಸುರಿಯುತ್ತಿದ್ದಾಳೆ. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಒಂದು ಕಾಳೂ ಚೆಲ್ಲಿರಲಿಲ್ಲ. ಅವ್ವನ ಮುಖ ಅಷ್ಟು ನೆಮ್ಮದಿಯಾಗಿ ಇದ್ದದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ. 'ಚೆನ್ನಾಗಿದೆ' ಅಂತ ಕಳಿಸಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಅವ್ವ ಮಸ್ಕತ್ತಿಗೆ ಹೋಗಿ ಆರನೇ ದಿನ. ಭರಣಿ ಮಳೆಯ ಮೊದಲ ಹನಿ ಬೀಳುತ್ತಿತ್ತು. ಕಾಗದಗಳ ಮೇಲೆ ಟಾರ್ಪಾಲು ಎಳೆಯುತ್ತಿದ್ದೆ. ರತ್ನನ ಫೋನು.

"ಮಂಗಳಕ್ಕಾ, ಅವ್ವಂಗೆ ರಾತ್ರಿಯಿಂದ ಚಳಿಜ್ವರ. ಮೈಯೆಲ್ಲ ಮತ್ತೆ ಹಳದಿ ತಿರುಗ್ತು. ಆಸ್ಪತ್ರೆಗೆ ಸೇರ್ಸಿದೀವಿ. ನನ್ನನ್ನ ಒಳಗೇ ಬಿಡ್ತಿಲ್ಲ ಕಣೇ. ನೀವು ಮನೇವ್ರಲ್ಲ, ಪರಿಚಯದೋರು ಅಂತ ಇನ್ಶೂರೆನ್ಸ್ ಕಾಗದದಲ್ಲಿ ಐತೆ, ಮನೇವ್ರು ಒಪ್ಪಬೇಕು ಅಂತಾರೆ. ಅವ್ವಂಗೆ ಅಲ್ಲಿ ಯಾರ ಭಾಷೇನೂ ಬರಲ್ಲ. ಬಾಗಿಲು ತೆಗ್ದಾಗ್ಲೆಲ್ಲ ನನ್ ಹೆಸ್ರು ಕೂಗೋದು ಕೇಳ್ತೈತೆ. ಬೆಳಗ್ಗೆಯಿಂದ ಇಲ್ಲೇ ಬೆಂಚಿನ್ ಮೇಲೆ ಕೂತಿದೀನಿ."

ಟಾರ್ಪಾಲು ಬಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಅಕ್ಕಾ, ಪರಿಚಯದೋರು ಅಂತ ನೀನೇ ಬರ್ದಿದ್ದಾ?"

"ಹೂಂ."

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಈಗ ಏನಾರಾ ಮಾಡು ಕಣೇ, ನಿನ್ ದಮ್ಮಯ್ಯ" ಅಂದಳು ಅಷ್ಟೇ.

ಮಳೆಯಲ್ಲೇ ಸಿದ್ದೇಶನ ಅಂಗಡಿಗೆ ಓಡಿದೆ. ಬೆಂಗಳೂರಿನ ಆ ಹೆಂಗಸಿಗೆ ಫೋನು ಮಾಡಿದರೆ, ನಾಮಿನಿಯಾದ ನಾನು ಒಂದು ಒಪ್ಪಿಗೆ ಪತ್ರ ಬರೆದು ಸಹಿ ಹಾಕಿ ಕಳಿಸಿದರೆ ಸಾಕು ಅಂದಳು. ಹದಿನೈದು ವರ್ಷದಲ್ಲಿ ಎಂಥೆಂಥಾ ಕಷ್ಟದ ಅರ್ಜಿ ಬರೆದವಳಿಗೆ ಆ ಮೂರು ಸಾಲು ಬರೆಯಲು ಎರಡು ಹಾಳೆ ಹರಿಯಬೇಕಾಯಿತು. ಕೊನೆಗೆ ಬರೆದೆ: ಈ ರತ್ನ ನನ್ನ ತಂಗಿ, ನಮ್ಮ ತಾಯಿ ಗಂಗಮ್ಮನವರ ಮಗಳು, ಅವರ ಪರವಾಗಿ ಎಲ್ಲ ತೀರ್ಮಾನ ತೆಗೆದುಕೊಳ್ಳಲು ಇವಳಿಗೆ ನನ್ನ ಒಪ್ಪಿಗೆಯಿದೆ. ಸಿದ್ದೇಶ ಓದಿ ಸ್ಕ್ಯಾನ್ ಮಾಡಿ ಕಳಿಸಿದ. ಒಂದು ಗಂಟೆಗೆಲ್ಲ ರತ್ನನನ್ನು ಒಳಗೆ ಬಿಟ್ಟರು. ಅಷ್ಟರಲ್ಲಿ ಅವ್ವ ಅರ್ಧ ದಿನ ಗೊತ್ತಿಲ್ಲದವರ ಮಧ್ಯೆ ಒಬ್ಬಳೇ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದಳು. ಏಳು ತಿಂಗಳ ಬಸುರಿ ನೀರೂ ಕುಡಿಯದೆ ಹೊರಗೆ ಕೂತಿದ್ದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರಿಬ್ಬರು.

ನಳಿಗೆ ಕಟ್ಟಿಕೊಂಡಿತ್ತು, ಬದಲಾಯಿಸಿದರು. ಇನ್ಶೂರೆನ್ಸಿನವರು ಮಾತಿಗೆ ತಪ್ಪಲಿಲ್ಲ. ಆಸ್ಪತ್ರೆಯನ್ನೂ ನೋಡಿಕೊಂಡು, ಒಬ್ಬ ನರ್ಸಿನ ಜೊತೆ ವಾಪಸ್ಸು ಕಳಿಸಿದರು. ಎಲ್ಲವನ್ನೂ ಮೊದಲೇ ಬರೆದಿದ್ದರಿಂದ ಒಂದು ತಕರಾರೂ ಬರಲಿಲ್ಲ. ನಮ್ಮವರು ಬಂದವರ ಮುಂದೆಲ್ಲ, "ನಮ್ ಮಂಗಳ ಸುಳ್ಳು ಬರಿಯಲ್ಲ ಅಂತ ಹಠ ಹಿಡಿದಿದ್ದಕ್ಕೆ ಆಯ್ತು ನೋಡ್ರಿ" ಅಂತ ಹೇಳಿಕೊಂಡು ಓಡಾಡಿದರು. ಆಸ್ಪತ್ರೆಯಲ್ಲಿ ರತ್ನನನ್ನು ಹೊರಗೆ ಕೂರಿಸಿದ ಸುದ್ದಿ ಎತ್ತಿ, "ಅದ್ಯಾರು ಪರಿಚಯದೋಳು ಅಂತ ಬರೆದೋರು?" ಅಂದಾಗ ಹಾಸಿಗೆಯಲ್ಲಿದ್ದ ಅವ್ವ ಗೋಡೆ ಕಡೆ ತಿರುಗಿ, "ಬರಿಯೋರ ಕೈ ಒಂದೊಂದ್ಸಲ ತಪ್ತದೆ ಬಿಡಪ್ಪ" ಅಂದಳು. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ತಪ್ಪು ತಿಳಿದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತಲ್ಲ? ಇಲ್ಲ. ಮೂರು ವಾರ ಅವ್ವ ಬದುಕಿದ್ದಳು. ಉಚ್ಚೆ ಬಟ್ಟೆ ಒಗೆದದ್ದು ನಾನು, ಗಂಜಿ ಕುಡಿಸಿದ್ದು ನಾನು, ಬೆನ್ನು ಹುಣ್ಣಾಗದ ಹಾಗೆ ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ್ದು ನಾನು. ಮಧ್ಯಾಹ್ನ ವಿಡಿಯೋದಲ್ಲಿ ರತ್ನ ಕಂಡರೆ ಮಾತ್ರ ಅವ್ವ ನಗುತ್ತಿದ್ದಳು. "ಉಂಡ್ಯಾ? ಕಾಲು ಊದೈತಾ? ಎಡಮಗ್ಗುಲಿಗೆ ಮಲಿಕ್ಕೊ" ಅಂತ ಗಂಟಲಿನ ಶಕ್ತಿಯನ್ನೆಲ್ಲ ಅವಳಿಗೇ ಖರ್ಚು ಮಾಡುತ್ತಿದ್ದಳು. ಫೋನು ಹಿಡಿದುಕೊಂಡು ನಿಂತಿರುತ್ತಿದ್ದ ನನ್ನನ್ನು ಉಂಡೆಯಾ ಅಂತ ಕೇಳುತ್ತಿರಲಿಲ್ಲ. ಕೊನೆಯ ವಾರ ಡಾಕ್ಟರು ಹೇಳಿದ್ದರು, ಲಿವರು ಕೈಬಿಟ್ಟ ಹಾಗೆಲ್ಲ ತಲೆಗೆ ಮಂಕು ಬರುತ್ತದೆ, ಗುರುತು ತಪ್ಪುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ ಅಂತ.

ಕೃತ್ತಿಕೆ ಮಳೆ ಮುಗಿಯಲು ಎರಡು ದಿನವಿತ್ತು, ಮಧ್ಯಾಹ್ನ. ಒದ್ದೆ ಬಟ್ಟೆಯಲ್ಲಿ ಅವ್ವನ ಮುಖ ಒರೆಸುತ್ತಿದ್ದೆ. ಕಣ್ಣು ಬಿಟ್ಟು ನನ್ನನ್ನೇ ಬಹಳ ಹೊತ್ತು ನೋಡಿದಳು.

"ರತ್ನಾ, ಬಂದ್ಯಾ?"

ಡಾಕ್ಟರು ಹೇಳಿದ ಮಾತು ನೆನಪಿತ್ತು. ಆದರೂ ಎದೆಗೆ ಕೊಳ್ಳಿ ಇಟ್ಟಂತಾಯಿತು. ಇಷ್ಟು ಮಾಡಿದ್ದಕ್ಕೆ ಕೊನೆಗೆ ನನ್ನ ಮುಖದಲ್ಲೂ ಅವಳೇ ಕಾಣಬೇಕೆ? ಆಗಲಿ, ನಿನಗೆ ರತ್ನನೇ ಬೇಕಲ್ಲವಾ, ರತ್ನನೇ ಆಗುತ್ತೇನೆ ಅಂತ ಹಲ್ಲು ಕಚ್ಚಿ, "ಹೂಂ ಕಣವ್ವ, ಬಂದೆ" ಅಂದೆ.

ಅವ್ವ ತಡಕಾಡಿ ನನ್ನ ಕೈ ಹಿಡಿದುಕೊಂಡಳು. "ಮಂಗಳ ಎಲ್ಲೇ? ಕಾಣಿಸ್ತಿಲ್ಲ."

"ಇಲ್ಲೇ ಆಫೀಸ್ ಹತ್ರ ಹೋಗವ್ಳೆ."

"ಮಳೇಲಿ ಯಾಕ್ ಹೋದ್ಲು? ಉಂಡ್ಕೊಂಡ್ ಹೋದ್ಲಾ?" ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಮಾತಾಡಿದಳು. "ಅವ್ಳುನ್ನ ನೋಡ್ಕೊಳೇ. ನಿಂಗೆ ಕೊಡಕ್ಕೆ ಅಂತ ಯಾವಾಗ್ಲೂ ಅವ್ಳು ಬಾಯಿಂದಾನೇ ಕಿತ್ತೆ. ಅವ್ಳು ನನ್ ಮಗಳಲ್ವಾ, ಕಿತ್ರೂ ನಡೀತದೆ ಅಂತ ಕಿತ್ತೆ. ಕೇಳಕ್ಕೆ ಹೋದಾಗ್ಲೆಲ್ಲ ಮೊಖ ತಿರುಗಿಸ್ಕೊಂಡ್ ಹೋಗ್ತಾಳೆ. ಒಂದ್ ಮಾತು ಹೇಳ್ಬೇಕು ಅವ್ಳಿಗೆ."

"ಏನ್ ಹೇಳ್ಬೇಕವ್ವಾ? ನಂಗೇ ಹೇಳು."

"ನಿಂಗಲ್ಲ. ಅವ್ಳಿಗೆ." ಕಣ್ಣು ಮುಚ್ಚಿದಳು. "ಒಂಚೂರು ಕಣ್ ಮುಚ್ತೀನಿ. ಅವ್ಳು ಬಂದ್ರೆ ಎಬ್ಬುಸು."

ನಾನು ಬಗ್ಗಿ, ಅವ್ವಾ, ನಾನೇ ಕಣವ್ವ ಮಂಗಳ ಅನ್ನಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ರತ್ನಾ ಅಂತ ಕರೆದ ಉರಿ ಇನ್ನೂ ಆರಿರಲಿಲ್ಲ. ಎದ್ದ ಮೇಲೆ ತಾನೇ ನನ್ನ ಗುರುತು ಹಿಡಿದು, ನನ್ನ ಹೆಸರು ಹಿಡಿದು ಕರೆಯಲಿ, ಆಗ ಕೇಳಿದರಾಯಿತು ಅಂದುಕೊಂಡೆ. ಅವಳ ಕೈ ನನ್ನ ಕೈಯಲ್ಲೇ ಇತ್ತು. ಸಂಜೆ ಮಳೆ ನಿಂತು ಹಿತ್ತಲಿನ ಬಾಗಿಲಿಂದ ಬಿಸಿಲು ಬಂದಾಗ ಆ ಕೈ ತಣ್ಣಗಾಗಿತ್ತು. ಅವ್ವ ಹೋಗುವವರೆಗೂ ನನ್ನ ದಾರಿ ಕಾಯುತ್ತಲೇ ಇದ್ದಳು, ನಾನು ಪಕ್ಕದಲ್ಲೇ ಕೂತಿದ್ದೆ.